ಸೆಂಟಿನಮ್ಮ ನಮ್ಮ ಲೈನಿಗೆ ಬಂದ ದಿನ

ನನಗೆ ಮದುವೆಯಾದಾಗ ಹದಿನೇಳು ವರ್ಷ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ತವರು ಬೂದಿಕೋಟೆಯಿಂದ ಎರಡು ಮೈಲಿ ಒಳಗಿದ್ದ ಹಳ್ಳಿ. ಗಂಡ ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ಇಳಿದು ಕೆಲಸ ಮಾಡುವವರು. ಮದುವೆಯಾದ ಐದನೆಯ ದಿನ ಅತ್ತೆ, ಗಂಡ, ನಾನು ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ಮೈನ್ಸಿನ ಕಡೆಗೆ ಹೋಗುವ ರೈಲಿಗೆ ಕಾದೆವು. ರೈಲು ಬಂದಾಗ ಗಂಡ ಮುಂದಿನ ಡಬ್ಬಿಗೆ ಹೋದರು. ಅತ್ತೆ ನನ್ನ ಕೈ ಹಿಡಿದು ಹೆಂಗಸರ ಡಬ್ಬಿಗೆ ಹತ್ತಿಸಿದರು.

ಒಳಗೆ ಕಾಲಿಟ್ಟ ಕೂಡಲೇ ಒಂದು ವಾಸನೆ ಮುಖಕ್ಕೆ ಬಡಿಯಿತು. ನಮ್ಮೂರಲ್ಲಿ ನನಗೆ ಗೊತ್ತಿದ್ದದ್ದು ಮಲ್ಲಿಗೆ, ಮರುಗ, ಸಾಂಬ್ರಾಣಿ, ಎಣ್ಣೆ ನೀರಿನ ದಿನದ ಸೀಗೇಕಾಯಿ, ಅಷ್ಟೇ. ಇದು ಅದ್ಯಾವುದೂ ಅಲ್ಲ. ಮೊದಲು ಮಲ್ಲಿಗೆಯಂತೆ ಬಂದು, ನಡುವೆ ಏಲಕ್ಕಿ ಹಾಕಿದ ಪಾಯಸದಂತೆ ಸಿಹಿಯಾಗಿ, ಕೊನೆಗೆ ಗಂಟಲಲ್ಲಿ ಚುರ್ ಅನ್ನುವಂತಿತ್ತು. ನನಗೆ ಅದು ಇಷ್ಟವಾಯಿತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಕಿಟಕಿಯ ಪಕ್ಕದಲ್ಲಿ ನಲವತ್ತು ದಾಟಿದ ಒಬ್ಬ ದಪ್ಪನೆಯ ಹೆಂಗಸು ಕೂತಿದ್ದಳು. ನೀಲಿ ಅಂಚಿನ ಬಿಳಿ ಸೀರೆ, ತೊಡೆಯ ಮೇಲೆ ಕಪ್ಪು ಚರ್ಮದ ಕೈಚೀಲ, ಮುಖಕ್ಕೆ ಬಳಿದ ಪೌಡರ್ ಬೆವರಿಗೆ ಕುತ್ತಿಗೆಯಲ್ಲಿ ಗೆರೆ ಕಟ್ಟಿತ್ತು. ನನ್ನ ಹೊಸ ಅರಿಶಿನದ ದಾರ ನೋಡಿ ನಕ್ಕು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ನಾನು ಕೂರುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. ಗಾರ್ಡು ಸೀಟಿ ಊದಿಯಾಗಿತ್ತು. ಹಾಗಿದ್ದರೂ ಕೆಳಗಿಳಿಸಿ, ಪ್ಲಾಟ್‌ಫಾರಂ ಮೇಲೆ ಓಡಿಸಿ, ಗಂಡಸರಿಂದ ಕಿಕ್ಕಿರಿದಿದ್ದ ಇನ್ನೊಂದು ಡಬ್ಬಿಗೆ ತಳ್ಳಿ ಹತ್ತಿಸಿದರು. ಇಬ್ಬರೂ ಬಾಗಿಲ ಹತ್ತಿರ ನಿಂತೇ ಹೋದೆವು. ಅತ್ತೆ ಸೆರಗಿನಿಂದ ನನ್ನ ಮೂಗನ್ನು ಒರೆಸಿದರು, ಮಕ್ಕಳಿಗೆ ಒರೆಸುವ ಹಾಗೆ.

"ಯಾಕತ್ತೆ? ಯಾರದು?"

"ಇಲ್ಲಿ ಬ್ಯಾಡ. ಮನೇಗೋಗಿ ಏಳ್ತೀನಿ."

ಮನೆಗೆ ಹೋಗಿ ಒಲೆ ಹಚ್ಚಿದ ಮೇಲೂ ಅವರು ತಾವಾಗಿ ಹೇಳಲಿಲ್ಲ. ನಾನೇ ಎರಡನೆಯ ಸಲ ಕೇಳಿದೆ. "ಅವಳು ಆಸ್ಪತ್ರೇಲಿ ಆಯಾ. ಮೈನ್ ಒಳಗೆ ಯಾರಾನ ಸತ್ತೋದ್ರೆ ಮನೇಗೆ ಬಂದು ಏಳೋಳು ಅವಳೇ. ಸೆಂಟಿನಮ್ಮ ಅಂತಾರೆ. ಅವಳು ಬಂದ ಮನೇಲಿ ಕುಂಕುಮ ಉಳಿಯಾಕಿಲ್ಲ ಕಣಮ್ಮಿ. ನೀನು ಒಸಾ ಮದುಮಗಳು, ಮೊದಲ ದಿನಾನೇ ಅವಳ ಪಕ್ಕ ಕೂತ್ಕಳಾಕೋಗ್ತೀಯ." ನನ್ನ ಮಾವ ಅದೇ ಮೈನಿನೊಳಗೆ ತೀರಿಕೊಂಡವರು ಅಂತ ನನಗೆ ಗೊತ್ತಿತ್ತು. ಆ ಸುದ್ದಿ ಯಾರು ತಂದರು ಅಂತ ನಾನು ಕೇಳಲಿಲ್ಲ.

ಗಣಿ ಕೆಲಸದವರ ಸಾಲುಮನೆಗಳಿಗೆ ಲೈನು ಅನ್ನುತ್ತಿದ್ದರು. ನಮ್ಮ ಲೈನಿನಲ್ಲಿ ಹದಿನಾರು ಮನೆ. ಒಂದಕ್ಕೊಂದು ಅಂಟಿಕೊಂಡ ತಗಡಿನ ಮಾಡು, ಬಿದಿರು ತಟ್ಟಿಯ ಗೋಡೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು. ಒಂದು ಕಡೆ ತಮಿಳು, ಇನ್ನೊಂದು ಕಡೆ ತೆಲುಗು, ನಡುವೆ ನಾವು. ನಲ್ಲಿಯ ಹತ್ತಿರ ಮೂರೂ ಕಲೆತು ಯಾರ ಭಾಷೆಯೂ ಅಲ್ಲದ ಒಂದು ಮಾತಾಗುತ್ತಿತ್ತು. ಹದಿನೈದು ದಿನದಲ್ಲಿ ನಾನೂ ಅದನ್ನೇ ಆಡುತ್ತಿದ್ದೆ.

ಅಭ್ಯಾಸವಾಗದೆ ಹೋದದ್ದು ನೆಲ ನಡುಗುವುದು. ಬಹಳ ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಅದನ್ನು ಎಲ್ಲರೂ 'ಬರ್ಸ್ಟ್' ಅನ್ನುತ್ತಿದ್ದರು. ಕೂತಿದ್ದ ಹಾಗೇ ಕಾಲಡಿಯಲ್ಲಿ ಯಾರೋ ದೊಡ್ಡ ಮೂಟೆ ಎತ್ತಿ ಒಗೆದ ಹಾಗೆ ದಡ್ ಅನ್ನುತ್ತಿತ್ತು. ಅಟ್ಟಣೆಯ ಮೇಲಿನ ತಟ್ಟೆ ಲೋಟ ಕಿಣಿಕಿಣಿ ಅನ್ನುತ್ತಿದ್ದವು. ಚಿಕ್ಕದಾದರೆ ಹೆಂಗಸರು ಒಂದು ಗಳಿಗೆ ಕೈ ನಿಲ್ಲಿಸಿ ಮತ್ತೆ ರೊಟ್ಟಿ ತಟ್ಟುತ್ತಿದ್ದರು. ದೊಡ್ಡದಾದರೆ ಒಲೆ ಆರಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಗಂಡಸರು ಶಿಫ್ಟ್ ಮುಗಿಸಿ ಬೀದಿಯ ತುದಿಯಲ್ಲಿ ಕಾಣಿಸುವವರೆಗೆ ಆ ನಿಲ್ಲುವುದು ಮುಗಿಯುತ್ತಿರಲಿಲ್ಲ.

ನಾನು ಬಂದ ಮೂರನೆಯ ತಿಂಗಳು ಅಂಥದ್ದೊಂದು ಮಧ್ಯಾಹ್ನ ನಾವೆಲ್ಲ ನಿಂತಿದ್ದಾಗ ಆ ವಾಸನೆ ಬಂತು. ಆಮೇಲೆ ಆ ಹೆಂಗಸು ಕಾಣಿಸಿದಳು. ಕೈಚೀಲ ಬಗಲಿಗೆ ಸಿಕ್ಕಿಸಿಕೊಂಡು, ಅತ್ತಿತ್ತ ನೋಡದೆ, ನಿಧಾನವಾಗಿ ನಡೆದು ಬರುತ್ತಿದ್ದಳು. ಅವಳು ದಾಟಿದ ಒಂದೊಂದೇ ಮನೆಯ ಬಾಗಿಲು ಅವಳ ಹಿಂದೆಯೇ ಮುಚ್ಚಿಕೊಂಡಿತು. ಅತ್ತೆ ನನ್ನನ್ನು ಒಳಗೆ ಎಳೆದು ಚಿಲಕ ಹಾಕಿದರು. ತಟ್ಟಿಯ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆ. ಎದುರು ಸಾಲಿನ ಮೂರನೆಯ ಮನೆಯ ಮುಂದೆ ಅವಳು ನಿಂತಳು. ಚಪ್ಪಲಿ ಬಿಟ್ಟಳು. ಆ ಮನೆಯ ಹೆಂಗಸು ಬಾಗಿಲಲ್ಲೇ ಕುಸಿದು ಕೂತಿದ್ದಳು. ಈಕೆ ತಾನೂ ಮಣ್ಣಲ್ಲಿ ಕೂತು ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡಳು. ಏನು ಹೇಳಿದಳೋ ಕೇಳಲಿಲ್ಲ. ಆಮೇಲೆ ಕೇಳಿದ್ದು ಆ ಕೂಗು ಮಾತ್ರ.

ಅವಳು ಹೊರಟುಹೋದ ಮೇಲೂ ಬೀದಿಯಲ್ಲಿ ಆ ವಾಸನೆ ಇತ್ತು. ಸಂಜೆ ನಾನು ನೀರಿಗೆ ಹೋಗುವಾಗ ಆ ಮನೆಯ ಮುಂದೆ ಉಸಿರು ಬಿಗಿಹಿಡಿದು ಓಡಿದೆ. ಬಿಂದಿಗೆ ತುಂಬ ನೀರು ತರುವುದಕ್ಕಾಗದೆ ಅರ್ಧ ಚೆಲ್ಲಿತು.

ಅವತ್ತಿನಿಂದ ನನ್ನ ಮೂಗು ನನ್ನ ಮಾತು ಕೇಳದೆ ಹೋಯಿತು. ಯಾರೋ ಹೊಸ ಸೋಪು ಹಾಕಿ ಬಟ್ಟೆ ಒಗೆದರೆ ಎದೆ ಹಾರುತ್ತಿತ್ತು. ಗುಡಿಯಲ್ಲಿ ಊದಿನಕಡ್ಡಿ ಹಚ್ಚಿದರೆ ತಿರುಗಿ ನೋಡುತ್ತಿದ್ದೆ. ಗಂಡ ಬೆಳಗಿನ ಶಿಫ್ಟಿಗೆ ಬುತ್ತಿ ತೆಗೆದುಕೊಂಡು ಹೊರಟರೆ ನಾನು ಬೀದಿಯ ತುದಿಯವರೆಗೆ ಹೋಗಿ ಗಾಳಿ ಮೂಸಿ ವಾಪಸು ಬರುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮರುವರ್ಷ ನಾನು ಬಸುರಿಯಾದೆ. ಏಳನೆಯ ತಿಂಗಳಲ್ಲಿ ಬಳೆ ತೊಡಿಸಬೇಕೆಂದು ಅತ್ತೆ ನನ್ನನ್ನು ರಾಬರ್ಟ್‌ಸನ್‌ಪೇಟೆಗೆ ಕರೆದುಕೊಂಡು ಹೋದರು. ಅವರು ತರಕಾರಿ ಕೊಳ್ಳಲು ಮಾರ್ಕೆಟ್ಟಿನ ಒಳಗೆ ಹೋದರು. ನನ್ನನ್ನು ಬಳೆ ಅಂಗಡಿಯ ನೆರಳಲ್ಲಿ ನಿಲ್ಲಿಸಿದರು. ಪಕ್ಕದ್ದು ಪೌಡರು, ರಿಬ್ಬನ್ನು, ಮುಖಕ್ಕೆ ಹಚ್ಚುವ ಸ್ನೋ ಮಾರುವ ಅಂಗಡಿ. ಅಲ್ಲಿ ಒಬ್ಬಳು ಗಟ್ಟಿಯಾಗಿ ನಗುತ್ತಾ ಅಂಗಡಿಯವನ ಜೊತೆ ಜಗಳವಾಡುತ್ತಿದ್ದಳು. "ಏನಪ್ಪಾ, ಇದಕ್ಕೆ ನೀರು ಬೆರಸಿದ್ದೀಯಾ? ಹೋದ ಸಲದ್ದು ಮೂರು ದಿನ ನಿಂತಿತ್ತು, ಇದು ಮನೆ ಸೇರೋ ಹೊತ್ತಿಗೆ ಹೋಗುತ್ತೆ." ಕೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ನೀಲಿ ಬಾಟಲಿ. ಬಿರಡೆ ತೆಗೆದು ಕಿವಿಯ ಹಿಂದೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ, ಮತ್ತೆ ನಕ್ಕಳು.

ನಾನು ಕಂಡಿದ್ದ ಹೆಂಗಸು ಅವಳೇ, ಆದರೆ ಹೀಗೆ ನಗುವವಳು ಅಂತ ನನಗೆ ಗೊತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಹಿಂದಕ್ಕೆ ಸರಿಯಲು ಹೋಗಿ ಅಂಗಡಿಯ ಮೆಟ್ಟಿಲು ತಪ್ಪಿದೆ. ಬೀಳುತ್ತಿದ್ದವಳನ್ನು ಒಂದು ಕೈ ಬಂದು ಗಟ್ಟಿಯಾಗಿ ಹಿಡಿಯಿತು.

"ಮೆಲ್ಲಗೆ, ಮೆಲ್ಲಗೆ. ಎಷ್ಟು ತಿಂಗಳಮ್ಮಾ?"

ನಾನು ಕೈ ಕೊಸರಿಕೊಂಡು, ಬಳೆ ಬೇಡ ಏನೂ ಬೇಡ ಅಂತ ಮಾರ್ಕೆಟ್ಟಿನೊಳಗೆ ಓಡಿದೆ. ಅತ್ತೆ ಹಸಿಮೆಣಸಿನಕಾಯಿ ಆರಿಸುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರ ಮೂಗು ಅರಳಿತು. ಚೀಲ ಕೆಳಗಿಟ್ಟು ನನ್ನ ಸೆರಗನ್ನು ಹಿಡಿದು ಮೂಸಿದರು.

ಮನೆಗೆ ಬಂದು ಆ ಸೀರೆಯನ್ನು ಸೀಗೇಕಾಯಿ ಹಾಕಿ ಒಗೆದರು, ಬೂದಿ ಹಾಕಿ ಒಗೆದರು, ಮತ್ತೆ ಬಿಸಿನೀರಲ್ಲಿ ಕುದಿಸಿದರು. ಒಣಮೆಣಸಿನಕಾಯಿ, ಉಪ್ಪು ಇಳಿ ತೆಗೆದು ಒಲೆಗೆ ಹಾಕಿದರು. ಗಂಡ ಶಿಫ್ಟ್ ಮುಗಿಸಿ ಬಂದು ಕೆಮ್ಮುತ್ತಾ ನಕ್ಕರು. "ಸೆಂಟು ತಾಗಿದ್ರೆ ಏನಾಗ್ತದವ್ವ? ನಾಳೆ ನಾನೂ ಒಂದು ಬಾಟ್ಲಿ ತತ್ತೀನಿ." ಅತ್ತೆ ಎದ್ದು ಬಂದು ಇಪ್ಪತ್ತೈದು ವರ್ಷದ ಮಗನ ಬಾಯಿಯ ಮೇಲೆ ಒಂದು ಏಟು ಕೊಟ್ಟರು. ಆಮೇಲೆ ಯಾರೂ ನಗಲಿಲ್ಲ.

ಮಧ್ಯೆ ಎರಡು ದಿನ ಕಳೆಯಿತು. ಮೂರನೆಯ ದಿನ ಬೆಳಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ ನಾನು ರಾಗಿ ಕೇರುತ್ತಿದ್ದೆ. ನೆಲ ಒಂದು ಸಲ ಮೇಲಕ್ಕೆದ್ದು ಬಿದ್ದ ಹಾಗಾಯಿತು. ಅಟ್ಟಣೆಯ ಪಾತ್ರೆಯೆಲ್ಲ ಉರುಳಿ ಬಂದವು. ನೀರಿನ ಗುಡಾಣ ಬಿರುಕು ಬಿಟ್ಟು ನೆಲವೆಲ್ಲ ನೀರಾಯಿತು. ಲೈನಿನ ಅಷ್ಟೂ ನಾಯಿಗಳು ಒಟ್ಟಿಗೆ ಬೊಗಳಿದವು. ಅತ್ತೆ ಹಿತ್ತಲಿಂದ ಓಡಿ ಬಂದರು. ಆಮೇಲೆ ಸೈರನ್ ಕೂಗಿತು.

"ನೀನು ಮನೆ ಬಿಟ್ಟು ಅಲ್ಲಾಡ್ಬ್ಯಾಡ. ನಾನು ಮೈನ್ಸಿನ ಗೇಟಿನತ್ರ ಓಗಿ ನೋಡ್ಕಂಡು ಬತ್ತೀನಿ" ಅಂತ ಅತ್ತೆ ತಲೆಗೂದಲು ಗಂಟು ಹಾಕಿಕೊಳ್ಳುತ್ತಾ ಹೊರಟೇ ಹೋದರು. ಲೈನಿನ ಬಹುಪಾಲು ಹೆಂಗಸರು ಅವರ ಹಿಂದೆ ಓಡಿದರು.

ನಾನು ಚೆಲ್ಲಿದ ನೀರನ್ನು ಬಟ್ಟೆಯಿಂದ ಒರೆಸಿ ಹಿಂಡಿ, ಒರೆಸಿ ಹಿಂಡಿ ಮಾಡುತ್ತಿದ್ದೆ. ಏನಾದರೂ ಮಾಡುತ್ತಿರಬೇಕಿತ್ತು. ಹೊಟ್ಟೆಯಲ್ಲಿ ಮಗು ಅಲುಗಾಡದೆ ಕಲ್ಲಿನ ಹಾಗೆ ನಿಂತಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು. ತಟ್ಟಿಯ ಸಂದಿಯಿಂದ ಗಾಳಿಯ ಜೊತೆ ಅದು ಒಳಗೆ ಬಂತು. ಮೊದಲು ಮಲ್ಲಿಗೆ, ಆಮೇಲೆ ಏಲಕ್ಕಿ.

ಕೈಯಲ್ಲಿದ್ದ ಬಟ್ಟೆ ಬಿತ್ತು. ಯಾರ ಮನೆಗೆ, ಯಾರ ಮನೆಗೆ ಅಂತ ಬಾಯಿ ತಾನಾಗಿ ಅನ್ನುತ್ತಿತ್ತು. ನಾಚಿಕೆಯಾದರೂ ಬರೆಯುತ್ತೇನೆ: ಒಂದೊಂದೇ ಮನೆಯ ಮುಖ ನೆನೆಸಿಕೊಂಡು, ಅವರ ಮನೆಗಿರಲಿ, ಇವರ ಮನೆಗಿರಲಿ ಅಂತ ಬೇಡಿಕೊಂಡೆ. ಚಪ್ಪಲಿಯ ಸದ್ದು ಹತ್ತಿರ ಬಂತು. ನಮ್ಮ ಬಾಗಿಲ ಮುಂದೆ ನಿಂತಿತು.

ನಾನು ಹಾರಿ ಹೋಗಿ ಚಿಲಕ ಹಾಕಿದೆ. ಒರಳುಕಲ್ಲನ್ನು ಆ ಹೊಟ್ಟೆ ಹೊತ್ತುಕೊಂಡು ಹೇಗೆ ಉರುಳಿಸಿದೆನೋ, ಬಾಗಿಲಿಗೆ ಅಡ್ಡ ಕೊಟ್ಟೆ.

"ಅಮ್ಮಾ, ಬಾಗಿಲು ತೆಗಿ."

ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅವಳು ಹೇಳಿದರೆ ತಾನೇ ಆಗುವುದು? ನಾನು ಕೇಳಿಸಿಕೊಳ್ಳುವ ತನಕ ಅವರು ಬದುಕಿರುತ್ತಾರೆ. ಎರಡೂ ಕಿವಿ ಮುಚ್ಚಿಕೊಂಡು ಒರಳುಕಲ್ಲಿಗೆ ಬೆನ್ನು ಕೊಟ್ಟು ಕೂತೆ. ಅವಳು ಬಾಗಿಲು ಬಡಿದಳು. ಏನೋ ಹೇಳಿದಳು. ನಾನು ಕಿವಿ ಮುಚ್ಚಿಕೊಂಡೇ "ಇಲ್ಲ, ಇಲ್ಲ, ಇಲ್ಲ" ಅಂತ ಜೋರಾಗಿ ಅನ್ನುತ್ತಾ ಅವಳ ದನಿಯನ್ನು ಅಳಿಸಿದೆ. ಅವಳು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತಿದ್ದೆ. ಅವಳು ಶುರುಮಾಡಿದರೆ ನಾನೂ ಶುರುಮಾಡುತ್ತಿದ್ದೆ. ಅರ್ಧ ಗಂಟೆ ಹೀಗೆ ನಡೆಯಿತು. ಇನ್ನೂ ಹೆಚ್ಚೇ ಇದ್ದೀತು.

ಕೊನೆಗೆ ಕೈ ಸೋತು ಕಿವಿಯಿಂದ ಜಾರಿತು. ಅವಳು ಬಾಗಿಲ ಪಕ್ಕಕ್ಕೆ ಸರಿದು, ನಾನು ಕೂತ ಕಡೆಯೇ ತಟ್ಟಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದಳು. ತಟ್ಟಿಯ ಆಚೆ ಅವಳ ಉಸಿರು ಕೇಳುತ್ತಿತ್ತು.

"ಬದುಕಿದ್ದಾನೆ ಅಂತ ಎಷ್ಟು ಸಲ ಹೇಳಲಿ ನಿನಗೆ? ಕಾಲು ಜಜ್ಜಿಹೋಗಿದೆ. ಜೀವ ಇದೆ."

"ಸುಳ್ಳು."

"ಸುಳ್ಳು ಹೇಳೋಕೆ ಇಷ್ಟು ದೂರ ಬಿಸಿಲಲ್ಲಿ ಬರ್ತೀನಾ? ನಿನ್ನ ಹೆಂಡತಿ ನನ್ನ ನಂಬಬೇಕಲ್ಲ, ಗುರುತಿಗೆ ಒಂದು ಮಾತು ಹೇಳಪ್ಪಾ ಅಂದ್ರೆ ನಿನ್ನ ಗಂಡ ಏನು ಹೇಳಿದ ಗೊತ್ತಾ? ನನ್ನ ಹೆಂಡತಿ ಹಿತ್ತಲ ಪಾತ್ರೆಯೊಳಗೆ ಹುಣಸೆಹಣ್ಣು ಬಚ್ಚಿಟ್ಟುಕೊಂಡು ತಿಂತಾಳೆ, ನಮ್ಮವ್ವಂಗೆ ಹೇಳಬೇಡಿ ಅಂದ."

ಅದು ನಮ್ಮಿಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನನಗೆ ಒಮ್ಮೆಗೇ ಅಳು ಬಂತು. ಒರಳುಕಲ್ಲನ್ನು ಹಾಕಿದ್ದೇನೋ ಹಾಕಿದ್ದೆ, ತೆಗೆಯಲು ಕೈಯಲ್ಲಿ ಶಕ್ತಿಯಿರಲಿಲ್ಲ. ಅವಳು ಹೊರಗಿಂದ ಬಾಗಿಲಿಗೆ ಭುಜ ಕೊಟ್ಟು ನೂಕಿದಳು, ನಾನು ಚಿಲಕ ತೆಗೆದು ಒಳಗಿಂದ ಕಲ್ಲನ್ನು ಎಳೆದೆ. ಒಂದಾಳು ನುಸುಳುವಷ್ಟು ಸಂದಿಯಾಯಿತು. ಬೆವರಿನಲ್ಲಿ ನೆನೆದು ಒಳಗೆ ಬಂದವಳೇ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಕೇಳು. ಡಾಕ್ಟರು ಕಾಲು ತೆಗೀಬೇಕು ಅಂತಿದ್ದಾರೆ. ಮೊಣಕಾಲಿಂದ ಕೆಳಗೆ. ನಿನ್ನ ಗಂಡ ಯಾರನ್ನೂ ಹತ್ತಿರ ಸೇರಿಸ್ತಿಲ್ಲ. ನನ್ನ ಹೆಂಡತಿ ಬರಲಿ ಅಂತ ಕೂಗಾಡ್ತಿದ್ದಾನೆ. ಹೊತ್ತಾದಷ್ಟೂ ಕೆಟ್ಟದ್ದು. ನಡಿತೀಯಾ?"

ಆಗ ನನಗೆ ಹೊಸದೊಂದು ಭಯ ಹುಟ್ಟಿತು. ಹೊತ್ತಾದಷ್ಟೂ ಕೆಟ್ಟದ್ದು. ಅರ್ಧ ಗಂಟೆ ಇವಳನ್ನು ಬಾಗಿಲಲ್ಲಿ ನಿಲ್ಲಿಸಿದವಳು ನಾನು.

ಅವಳ ತೋಳು ಹಿಡಿದುಕೊಂಡು ನಡೆದೆ. ಬೀದಿಯ ಮುಚ್ಚಿದ ಬಾಗಿಲುಗಳ ಹಿಂದೆ ಗೇಟಿಗೆ ಹೋಗದೆ ಉಳಿದವರ ಕಣ್ಣುಗಳಿವೆ ಅಂತ ಗೊತ್ತಿತ್ತು. ಯಾರೂ ಹೊರಗೆ ಬರಲಿಲ್ಲ. ಅವಳ ಹತ್ತಿರಕ್ಕೆ ಹೋದಾಗ ಸೆಂಟಿನ ಕೆಳಗೆ ಬೇರೆ ವಾಸನೆಗಳೂ ಇದ್ದವು. ಫಿನಾಯಿಲು, ಬೆವರು, ಇನ್ನೂ ಏನೋ. ಸುಮ್ಮನೆ ನಡೆಯಲಾಗದೆ ಕೇಳಿಬಿಟ್ಟೆ:

"ನೀವು ಯಾಕೆ ಇದನ್ನ ಆಕ್ಕಂತೀರಿ?"

ಅವಳಿಗೆ ಬೇಜಾರಾಗಲಿಲ್ಲ. "ಮೊದಲೆಲ್ಲ ಒಬ್ಬ ಪ್ಯೂನು ಬೀದಿಯಲ್ಲೇ ನಿಂತು ಹೆಸರು ಕೂಗಿ ಹೋಗ್ತಿದ್ದ. ಒಂದು ಹೆಂಗಸು ಹಾಗೆ ಕೇಳಿ ಬಾವಿಗೆ ಓಡಿದ್ಲು. ಆಮೇಲೆ ನಾನೇ ಹೋಗ್ತೀನಿ ಅಂದೆ. ಯಾರೂ ಹೇಳಿದ್ದಲ್ಲ. ಮೊದಲನೇ ಸಲ ಹೋದಾಗ, ಸತ್ತವನ ಮೈ ತೊಳೆದು ಹಾಗೇ ಬಂದಿದ್ದೆ. ಆ ಹೆಂಗಸು ನನ್ನ ಸೀರೆಗೆ ಮೂಗಿಟ್ಟು, ಇದು ಅವರ ವಾಸನೆ, ಇದು ಅವರ ವಾಸನೆ ಅಂತ ಹಿಡಿದುಕೊಂಡ್ಲು. ಬಿಡಲೇ ಇಲ್ಲ. ಅವತ್ತೇ ಪೇಟೆಗೆ ಹೋಗಿ ಬಾಟಲಿ ತಂದೆ."

ನಾಲ್ಕು ಹೆಜ್ಜೆ ನಡೆದು, ಏದುಸಿರಿನಲ್ಲೇ ಮತ್ತೆ ಅಂದಳು: "ಅದೂ ಅಲ್ಲದೆ ನಂಗೆ ಇಷ್ಟ. ಇಷ್ಟ ಆದ್ರೆ ಹಾಕ್ಕೋಬಾರ್ದಾ?"

ಆಸ್ಪತ್ರೆಯ ಜಗಲಿಯಲ್ಲಿ ಜನವೋ ಜನ. ಅವಳು ಮೊಣಕೈಯಿಂದ ದಾರಿ ಮಾಡಿಕೊಂಡು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಗಂಡನ ಮುಖವೆಲ್ಲ ಕಲ್ಲಿನ ಪುಡಿ, ಕಣ್ಣು ಮಾತ್ರ ಕೆಂಪಗೆ. ಸೊಂಟದಿಂದ ಕೆಳಗೆ ಬಟ್ಟೆ ಮುಚ್ಚಿತ್ತು. ಬಟ್ಟೆಯ ಕಡೆ ನಾನು ನೋಡಲಿಲ್ಲ.

"ಯಾಕಿಷ್ಟೊತ್ತು?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ನಂದೇ ತಪ್ಪು ಕಣಪ್ಪಾ. ಲೈನು ತಪ್ಪಿ ಹಿಂದಿನ ಸಾಲಿಗೆ ಹೋಗಿದ್ದೆ. ಹುಡುಕಿ ಬರೋಕೆ ತಡ ಆಯ್ತು."

ಮೈನ್ಸಿನ ಒಂದೊಂದು ಲೈನೂ, ಒಂದೊಂದು ಮನೆಯೂ ಗೊತ್ತಿದ್ದವಳು. ಆ ಸುಳ್ಳನ್ನು ನಾನು ಹಾಗೇ ಬಿಟ್ಟೆ.

ಗಂಡ ನನ್ನ ಕೈ ಹಿಡಿದರು. "ತೆಗೀಬ್ಯಾಡಿ ಅಂತ ಏಳು. ನೀನು ಏಳು. ಕಾಲಿಲ್ದೆ ನಾನು ಏನು ಮಾಡ್ಲಿ?" ಮಗುವಿನ ಹಾಗೆ ಅತ್ತರು. ಡಾಕ್ಟರು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರು. ಮದುವೆಯಾದಾಗಿನಿಂದ ನಾನು ಗಂಡನಿಗೆ ಎದುರು ಒಂದು ಮಾತು ಆಡಿದವಳಲ್ಲ. ಅಡುಗೆಗೆ ಏನು ಮಾಡಲಿ ಅಂತ ಕೇಳಲೂ ಹಿಂಜರಿಯುತ್ತಿದ್ದೆ. ಮಂಚದ ಕಂಬಿ ಹಿಡಿದುಕೊಂಡೆ.

"ತೆಗೀಲಿ ಬುಡಿ" ಅಂದೆ. "ನಂಗೆ ನೀವು ಬೇಕು."

ಅವರು ನನ್ನ ಕೈ ಬಿಟ್ಟು ಮುಖ ಆಚೆ ತಿರುಗಿಸಿಕೊಂಡರು. ಡಾಕ್ಟರು ಒಳಗೆ ಬಂದರು. ನನ್ನನ್ನು ಜಗಲಿಗೆ ಕಳಿಸಿದರು. ಗೇಟಿನಿಂದ ಸುದ್ದಿ ತಿಳಿದು ಓಡಿ ಬಂದ ಅತ್ತೆ ನನ್ನನ್ನು ಅಲ್ಲಿ ಕಂಡರು, ನನ್ನ ಪಕ್ಕ ನಿಂತಿದ್ದ ಅವಳನ್ನೂ ಕಂಡರು. "ಮುಟ್ಟಿದ್ಯಲ್ಲ ತಾಯಿ, ಅವತ್ತು ಪೇಟೇಲಿ ಮುಟ್ಟಿದ್ಯಲ್ಲ" ಅಂತ ಎದೆ ಬಡಿದುಕೊಂಡರು. ಅವಳು ಒಂದು ಲೋಟ ನೀರು ತಂದು ಅತ್ತೆಯ ಮುಂದೆ ಇಟ್ಟು ಒಳಗೆ ಹೋದಳು. ಅತ್ತೆ ಅದನ್ನು ಮುಟ್ಟಲಿಲ್ಲ. ನಾನು ಕುಡಿದೆ.

ಗಂಡ ಉಳಿದರು. ಒಂದು ಕಾಲು ಹೋಯಿತು. ಮನೆಗೆ ಬಂದ ಮೇಲೆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಇಡದಿದ್ದರೆ ಕೇಳುತ್ತಿರಲಿಲ್ಲ. ಮಗಳು ಹುಟ್ಟಿ, ಅವಳನ್ನು ತೊಡೆಯ ಮೇಲೆ ಹಾಕಿದ ದಿನ "ಇವಳಿಗೆ ಅಪ್ಪ ಇರ್ಲಿ ಅಂತ ತಾನೇ ನೀನು ಅಂಗಂದಿದ್ದು" ಅಂದರು. ಅದೇ ಮೊದಲ ಮಾತು. ಆಮೇಲೆ ಅವರಿಗೆ ಮೇಲೆಯೇ, ಗಣಿಗೆ ಇಳಿಯುವವರ ದೀಪಗಳನ್ನು ಕೊಡುವ ಕೋಣೆಯಲ್ಲಿ ಕೆಲಸ ಸಿಕ್ಕಿತು.

ಸೆಂಟಿನಮ್ಮ ಮಗುವನ್ನು ನೋಡಲು ಬಂದಳು. ಅತ್ತೆ ಸಂತೆಗೆ ಹೋಗುವ ದಿನ ನೋಡಿಕೊಂಡು ಬರುತ್ತಿದ್ದಳು. ನಾನು ಅಕ್ಕ ಅಂತ ಕರೆಯುತ್ತಿದ್ದೆ. ಬಾಯಿ ಬಲ ಬಹಳ. ಮೂರು ಭಾಷೆಯಲ್ಲಿ ಬೈಯುತ್ತಿದ್ದಳು, ಮಗು ಅತ್ತರೆ "ಒಣ್ಣುಮಿಲ್ಲೆ, ಒಣ್ಣುಮಿಲ್ಲೆ" ಅಂತ ತಮಿಳಿನಲ್ಲಿ ಏನೂ ಆಗಿಲ್ಲವೆಂದು ಸಮಾಧಾನ ಮಾಡುತ್ತಿದ್ದಳು. ನನ್ನ ಸಾರಿಗೆ ಉಪ್ಪು ಕಡಿಮೆ ಅಂತ ಮುಖದ ಮೇಲೇ ಹೇಳುತ್ತಿದ್ದಳು. ಎರಡು ಸಲ ಬಂದು ಹೋದ ಮೇಲೆ ನನಗೆ ಗೊತ್ತಾಯಿತು: ನಮ್ಮ ಮನೆಗೆ ಬರುವಾಗ ಅವಳು ಸ್ನಾನ ಮಾಡಿ, ಬೇರೆ ಸೀರೆ ಉಟ್ಟು, ಸೆಂಟಿಲ್ಲದೆ ಬರುತ್ತಿದ್ದಳು. ಮೊದಲ ಸಲ ಬಂದಾಗ ನಾನು ಮಗುವನ್ನು ಎದೆಗವಚಿ ಗೋಡೆಗೆ ಒತ್ತಿಕೊಂಡದ್ದನ್ನು ನೋಡಿದ್ದಳಲ್ಲ.

ಅವಳ ಮೇಲೆ ಪ್ರೀತಿ ಬಂದರೂ ಭಯ ಹೋಗಲಿಲ್ಲ. ಎರಡೂ ಒಟ್ಟಿಗೇ ಇದ್ದವು. ಗಂಡ ನೆಲದ ಮೇಲಿದ್ದಾರೆ, ಇನ್ನು ನನಗೇನು ಭಯ ಅಂತ ನಾನೇ ಹೇಳಿಕೊಂಡರೂ, ಬೀದಿಯಲ್ಲಿ ಆ ವಾಸನೆ ಬಂದ ದಿನ ನನ್ನ ಕೈ ಚಿಲಕದ ಕಡೆ ಹೋಗುತ್ತಿತ್ತು. ಆಮೇಲೆ ತಡೆದುಕೊಂಡು ಬಾಗಿಲು ತೆರೆದೇ ನಿಲ್ಲುತ್ತಿದ್ದೆ. ಅಷ್ಟು ಮಾತ್ರ ನನ್ನಿಂದ ಆಯಿತು. ಅವಳು ದಾಟುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಯಾರ ಮನೆಗೆ ಹೋಗುತ್ತಿದ್ದಳೋ ಆ ಮನೆಯನ್ನೇ ನೋಡುತ್ತಿದ್ದಳು.

ಅರವತ್ತರ ದಶಕದ ನಡುವೆ ಅವಳು ಕೆಲಸ ಬಿಟ್ಟು, ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ತಂಗಿಯ ಮನೆಯ ಪಕ್ಕದಲ್ಲಿ ಒಂದು ಕೋಣೆ ಹಿಡಿದಳು. ಮಗಳಿಗೆ ಆರು ವರ್ಷ ಆಗಿದ್ದಾಗ ತವರಿಗೆ ಹೋಗಿ ಬರುವ ದಾರಿಯಲ್ಲಿ ಅವಳನ್ನು ನೋಡಲು ಹೋದೆ. ಕೋಳಿ ಸಾಕಿದ್ದಳು. ಅವು ಪಕ್ಕದ ಮನೆಯ ಅಂಗಳಕ್ಕೆ ನುಗ್ಗುವುದಕ್ಕೆ ಅವರೊಡನೆ ದೊಡ್ಡ ಜಗಳ ನಡೆಸಿದ್ದಳು. ಹಗಲು ಹೊತ್ತಲ್ಲೇ ರೇಷ್ಮೆ ಕುಪ್ಪಸ, ಮುಖದ ತುಂಬ ಪೌಡರು, ಕೋಣೆಯ ತುಂಬ ಆ ಸೆಂಟು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮಗಳಿಗೆ ಏನೂ ಅನ್ನಿಸಲಿಲ್ಲ. ಅವಳ ತೊಡೆಯೇರಿ ಕೂತು, ಬಾಟಲಿಯ ಬಿರಡೆ ತೆಗೆದು ಹಾಕಿ ಆಡುತ್ತಿದ್ದಳು.

ಉಪ್ಪಿಟ್ಟು ತಿಂದಾದ ಮೇಲೆ, ಆರು ವರ್ಷ ಎದೆಯಲ್ಲಿದ್ದದ್ದನ್ನು ಕೇಳಿದೆ. "ಅಕ್ಕಾ, ಅವತ್ತು ನಾನು ಕೂಡ್ಲೇ ಬಾಗಿಲು ತೆಗೆದಿದ್ರೆ ಅವರ ಕಾಲು ಉಳೀತಿತ್ತಾ?"

ಅವಳು ತಕ್ಷಣ ಇಲ್ಲ ಅಂತಾಳೆ ಅಂದುಕೊಂಡಿದ್ದೆ. ಅವಳು ಯೋಚನೆ ಮಾಡಿದಳು.

"ಗೊತ್ತಿಲ್ಲಮ್ಮಾ. ನಾನು ಡಾಕ್ಟರನ್ನ ಕೇಳಲಿಲ್ಲ. ಕೇಳಬಾರದು ಅಂತಲೇ ಕೇಳಲಿಲ್ಲ." ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಾ ಅಂದಳು: "ನಾನು ಅವನ ಮುಂದೆ ಸುಳ್ಳು ಹೇಳಿದ್ದು ನಿನಗೋಸ್ಕರ ಅಂದ್ಕೊಂಡಿದ್ದೀಯಾ? ಅರ್ಧ ನಿನಗೋಸ್ಕರ. ಇನ್ನರ್ಧ ನನಗೋಸ್ಕರ. ನನ್ನನ್ನ ಕಂಡರೆ ಜನ ಬಾಗಿಲು ಹಾಕ್ಕೋತಾರೆ ಅಂತ ಅಷ್ಟು ಜನದ ಎದುರಿಗೆ ಹೇಳೋಕೆ ಆಗಲಿಲ್ಲ."

ಅವಳು ಅತ್ತದ್ದನ್ನು ನಾನು ಅವತ್ತೊಂದೇ ಸಲ ಕಂಡದ್ದು. ಅದೂ ಸ್ವಲ್ಪ ಹೊತ್ತು. ಆಮೇಲೆ ಕೋಳಿ ಪಕ್ಕದ ಮನೆಗೆ ಹೋಯಿತು ಅಂತ ಎದ್ದು ಓಡಿದಳು.

ಸಂಜೆಯ ರೈಲಿಗೆ ಮನೆಗೆ ಬಂದೆ. ಗಂಡ ಜಗಲಿಯಲ್ಲಿ ಊರುಗೋಲನ್ನು ಪಕ್ಕಕ್ಕಿಟ್ಟು ಕೂತಿದ್ದರು. ಅತ್ತೆ ಒಳಗೆ ಮುದ್ದೆ ತಿರುವುತ್ತಿದ್ದರು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿ, ಚೀಲ ಇಳಿಸಿದವಳೇ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಚಿಲಕ ಹಾಕಿದ್ದು, ಒರಳುಕಲ್ಲು, ಕಿವಿ ಮುಚ್ಚಿಕೊಂಡದ್ದು, ಅರ್ಧ ಗಂಟೆ. ಒಳಗೆ ಮುದ್ದೆ ತಿರುವುವ ಸದ್ದು ನಿಂತಿತ್ತು.

ಗಂಡ ಊರುಗೋಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಹೊಡೆಯುತ್ತಾರೇನೋ ಅಂತ ಒಂದು ಗಳಿಗೆ ಅನ್ನಿಸಿತು. ಅವರು ಯಾವತ್ತೂ ಹೊಡೆದವರಲ್ಲ.

"ಅವತ್ತು ನಾನು ಅಂಗೆ ಯಾಕೆ ಕೂಗಾಡ್ದೆ ಗೊತ್ತಾ ನಿಂಗೆ?" ಅಂದರು. "ಡಾಕ್ಟ್ರಿಗೆ ಎದರಿಲ್ಲ ನಾನು. ಕಣ್ಣು ಬಿಟ್ಟಾಗ ಆಯಮ್ಮ ನನ್ನ ಮುಖ ಒರೆಸ್ತಿದ್ಲು. ಆ ವಾಸ್ನೆ ಬಂತು. ಸತ್ತೋದೆ ಅಂದ್ಕಂಡೆ. ಇವಳು ನನ್ನ ಮುಟ್ಟಬಾರ್ದು, ನನ್ನ ಎಂಡ್ತೀನ ಕರೀರಿ, ಅವಳನ್ನ ಆಚೆ ಕಳಿಸ್ರಿ ಅಂತ ಕೂಗ್ದೆ. ಅದಕ್ಕೇ ಅವಳೇ ಎದ್ದು ನಿನ್ನ ಕರಿಯಾಕೆ ಬಂದಿದ್ದು."

ಅತ್ತೆ ಬಾಗಿಲಿಗೆ ಬಂದು ನಿಂತರು. ಎಲ್ಲ ಕೇಳಿಸಿಕೊಂಡಿದ್ದರು ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದರು:

"ಆಯಮ್ಮ ಬಂಗಾರಪೇಟೇಲಿ ಒಬ್ಳೇ ಇದಾಳಾ?"

"ತಂಗಿ ಮನೆ ಪಕ್ಕದಲ್ಲೇ ಅದೆ ಅತ್ತೆ."

"ಊಂ" ಅಂದರು. "ಮುದ್ದೆ ಆರೋಯ್ತದೆ, ಎದ್ದು ಬನ್ನಿ."

ಮರುವಾರ ಅವರು ಯಾರಿಗೂ ಹೇಳದೆ, ಒಂದು ಸೇರು ಹುರಿಹಿಟ್ಟು ಕಟ್ಟಿಕೊಂಡು ಬಂಗಾರಪೇಟೆಯ ರೈಲು ಹತ್ತಿದರು. ಅಲ್ಲಿ ಇಬ್ಬರೂ ಏನು ಮಾತಾಡಿದರೋ ನನಗೆ ತಿಳಿಯದು.